ಬ್ಯಾಂಕು ಉಳಿಸಿದವರು ಲೆಕ್ಕ ಕೇಳಬೇಡವೇ?

2018ರ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಅಕ್ಕ ಪಾಸ್‌ಬುಕ್ ಹಿಡಿದುಕೊಂಡು ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕಿನ ಜೊತೆ ಆಧಾರ್ ಕಾರ್ಡಿನ ನಕಲು, ಒಂದೆರಡು ಹಳೆಯ ಎಲ್‌ಐಸಿ ರಸೀದಿ. ಅಕ್ಕ ಬೀಡಿ ಕಟ್ಟುವವರು. ಗಂಡ ತೀರಿಕೊಂಡ ಮೇಲೆ ಮಗಳ ಓದು, ಮನೆಯ ಹೆಂಚು, ತಮ್ಮ ಮಂಡಿನೋವಿನ ಔಷಧಿ ಎಲ್ಲವನ್ನೂ ಬೀಡಿಯ ಗೆರಸೆಯ ಮುಂದೆ ಕುಳಿತೇ ನಿಭಾಯಿಸಿದವರು. "ಇದರಲ್ಲಿ ಇಂಗ್ಲಿಷಿನಲ್ಲಿ ಏನೋ ಬಂದಿದೆ, ದುಡ್ಡು ಕಡಿಮೆಯಾಗಿದೆ, ಸ್ವಲ್ಪ ಓದಿ ಹೇಳು" ಎಂದರು. ಮಸುಕು ಮಸುಕಾಗಿ ಮುದ್ರಣವಾಗಿದ್ದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಿದೆ. ಎಸ್‌ಎಂಎಸ್ ಶುಲ್ಕ 17 ರೂಪಾಯಿ 70 ಪೈಸೆ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ. ಅದರ ಕೆಳಗೆ, ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ದಂಡ. ಮುಂದಿನ ತಿಂಗಳೂ ದಂಡ. ಪ್ರತಿ ದಂಡದ ಮೇಲೆ ಶೇ 18ರ ಜಿಎಸ್‌ಟಿ. ವಿಧವಾ ವೇತನ ಬಂದು ಬಿದ್ದ ದಿನವೇ ಅದರಿಂದ ಹಿಂದಿನ ಬಾಕಿ ಮುರಿದುಕೊಂಡಿದ್ದರು.

"ಹಣ ಇಲ್ಲದ್ದಕ್ಕೆ ಹಣ ತೆಗೆದುಕೊಳ್ಳುತ್ತಾರಾ?" ಎಂದು ಅಕ್ಕ ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಅರ್ಥವಾಗದೆ ಕೇಳಿದ್ದು. ಹೌದು ಎಂದೆ. ಮುಂದಿನದನ್ನು ವಿವರಿಸಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿದ್ದ ಒಂದು ಲೆಕ್ಕ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ದೇಶದ ಅತಿ ದೊಡ್ಡ ಬ್ಯಾಂಕಾದ ಎಸ್‌ಬಿಐ 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಕನಿಷ್ಠ ಮೊತ್ತ ಉಳಿಸಿಕೊಳ್ಳದ ಗ್ರಾಹಕರಿಂದ 1,771 ಕೋಟಿ ರೂಪಾಯಿ ದಂಡ ಸಂಗ್ರಹಿಸಿತ್ತು. ಅದೇ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕು ಗಳಿಸಿದ ಲಾಭ 1,581 ಕೋಟಿ. ಅಂದರೆ ಆ ಮೂರು ತಿಂಗಳ ಲಾಭಕ್ಕಿಂತ ಬಡವರ ಖಾತೆಯಿಂದ ಕಿತ್ತ ದಂಡವೇ ಹೆಚ್ಚು. ಲಾಭ ಅಷ್ಟು ಸೊರಗಿದ್ದಕ್ಕೆ ಕಾರಣ ದೊಡ್ಡವರು ತೀರಿಸದ ಸಾಲ, ಅಕ್ಕನಂಥವರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಎಸ್‌ಬಿಐ ಆ ದಂಡವನ್ನು 2020ರಲ್ಲಿ ಕೈಬಿಟ್ಟಿತು, ಉಳಿದ ಸರ್ಕಾರಿ ಬ್ಯಾಂಕುಗಳಲ್ಲಿ ಹಲವು ಮುಂದೆ ಅದೇ ದಾರಿ ಹಿಡಿದವು. ಆದರೆ ಆ ದಿನ ಶುರುವಾದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಾವಿರಾರು ಕೋಟಿ ಸಾಲ ಮುಳುಗಿಸಿದವರ ಭಾರವನ್ನು ಹೊತ್ತವರು ಯಾರು? ಹಾಗೆ ಹೊರಿಸಬೇಕೆಂದು ತೀರ್ಮಾನಿಸಿದವರು ಯಾರು? ಆ ತೀರ್ಮಾನಕ್ಕೆ ಯಾವ ಚುನಾವಣೆಯಲ್ಲಿ, ಯಾವ ಸದನದಲ್ಲಿ, ಯಾರು ಉತ್ತರ ಕೊಟ್ಟರು?

ಹಣ ಎಲ್ಲಿಂದ ಬಂತು

2017ರ ಅಕ್ಟೋಬರ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ, ಕೆಟ್ಟ ಸಾಲಗಳಿಂದ ಬಂಡವಾಳ ಕರಗಿದ್ದ ಸರ್ಕಾರಿ ಬ್ಯಾಂಕುಗಳಿಗೆ ಎರಡು ವರ್ಷಗಳಲ್ಲಿ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಪ್ರಕಟಿಸಿದರು. ಅದರಲ್ಲಿ 1.35 ಲಕ್ಷ ಕೋಟಿ ಬರಬೇಕಿದ್ದುದು ಮರುಬಂಡವಾಳ ಬಾಂಡ್‌ಗಳ ಮೂಲಕ. ಮುಂದೆ ಅಷ್ಟೂ ಸಾಲದೆ, 2016-17ರಿಂದ 2020-21ರವರೆಗಿನ ಐದು ವರ್ಷಗಳಲ್ಲಿ ಕೇಂದ್ರ ಸರ್ಕಾರ ತನ್ನ ಬ್ಯಾಂಕುಗಳಿಗೆ ತುಂಬಿದ ಒಟ್ಟು ಮೊತ್ತ 3.10 ಲಕ್ಷ ಕೋಟಿ ದಾಟಿತು. ಬಜೆಟ್ಟಿನಿಂದ ನೇರವಾಗಿ ಕೊಟ್ಟದ್ದು ಇದರಲ್ಲಿ ಸುಮಾರು 35 ಸಾವಿರ ಕೋಟಿ ಮಾತ್ರ. ಉಳಿದ 2.76 ಲಕ್ಷ ಕೋಟಿಯೂ ಬಾಂಡ್.

ಈ ಬಾಂಡ್ ವ್ಯವಹಾರ ಹೇಗೆ ನಡೆಯಿತು ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಬ್ಯಾಂಕು ತನ್ನಲ್ಲಿರುವ ಠೇವಣಿದಾರರ ಹಣದಿಂದ ಸರ್ಕಾರದ ಬಾಂಡ್ ಕೊಳ್ಳುತ್ತದೆ. ಸರ್ಕಾರ ಆ ಹಣವನ್ನು ತೆಗೆದುಕೊಂಡು ಅದೇ ಬ್ಯಾಂಕಿನ ಷೇರು ಕೊಳ್ಳುತ್ತದೆ. ಹಣ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತದೆ; ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಬಂಡವಾಳ ತುಂಬಿರುತ್ತದೆ. ಆ ವರ್ಷದ ವಿತ್ತೀಯ ಕೊರತೆಯ ಅಂಕಿಯಲ್ಲಿ ಈ ದೊಡ್ಡ ಮೊತ್ತ ಕಾಣುವುದಿಲ್ಲ, ಬಜೆಟ್ ಭಾಷಣದಲ್ಲಿ ಯಾವ ಇಲಾಖೆಯ ಹಣಕ್ಕೂ ಕತ್ತರಿ ಹಾಕಿದಂತೆ ತೋರುವುದಿಲ್ಲ. ಆದರೆ ಬಾಂಡ್ ಎಂದರೆ ಸಾಲವೇ. ಪ್ರತಿ ವರ್ಷ ಅದಕ್ಕೆ ಬಡ್ಡಿ ಕಟ್ಟಬೇಕು, ಅವಧಿ ಮುಗಿದಾಗ ಅಸಲು ಕೊಡಬೇಕು. ಶೇ 7ರ ಬಡ್ಡಿ ಎಂದು ಹಿಡಿದರೂ 2.76 ಲಕ್ಷ ಕೋಟಿಗೆ ವರ್ಷಕ್ಕೆ 19 ಸಾವಿರ ಕೋಟಿಗಿಂತ ಹೆಚ್ಚಾಗುತ್ತದೆ. ಅದು ಬರುವುದು ತೆರಿಗೆಯಿಂದ. ಅಕ್ಕ ಕೊಳ್ಳುವ ಸಾಬೂನಿನ ಮೇಲಿನ, ಮಂಡಿನೋವಿನ ಮುಲಾಮಿನ ಮೇಲಿನ, ಕೊನೆಗೆ ಆ ದಂಡದ ಮೇಲಿನ ತೆರಿಗೆಯಿಂದ ಕೂಡ.

ಬ್ಯಾಂಕುಗಳನ್ನು ಉಳಿಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಉಳಿಸದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಬಸವನಗುಡಿ, ಜಯನಗರದ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದವರಿಗೆ ಸಿಕ್ಕ ಅವಕಾಶ 35 ಸಾವಿರ ರೂಪಾಯಿ ತೆಗೆಯುವುದಷ್ಟೇ. ಆಗಿನ್ನೂ ಠೇವಣಿ ವಿಮೆಯ ಮಿತಿ ಒಂದು ಲಕ್ಷ. ಐದು ಲಕ್ಷಕ್ಕೆ ಏರಿದ್ದು ಆ ಘಟನೆಯ ನಂತರ, ಅದೇ ಫೆಬ್ರುವರಿಯಲ್ಲಿ. ಔಷಧಿಗೂ ಹಣವಿಲ್ಲದೆ ಸಭೆಗಳಲ್ಲಿ ಎದ್ದು ನಿಂತು ಅತ್ತ ವೃದ್ಧರನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಅಂಥ ಸ್ಥಿತಿ ಸರ್ಕಾರಿ ಬ್ಯಾಂಕುಗಳಲ್ಲಿ ಹಣವಿಟ್ಟ ಕೋಟ್ಯಂತರ ಜನರಿಗೆ ಬರಬಾರದು ಎಂದು ಬಂಡವಾಳ ತುಂಬಿದ್ದು ಸರಿ. ನನ್ನ ತಕರಾರು ಇರುವುದು ಷರತ್ತುಗಳ ಬಗ್ಗೆ. ಜನರ ಹಣ ಹಾಕುವಾಗ, ಈ ಗತಿ ಬಂದದ್ದು ಯಾರಿಂದ, ಇನ್ನು ಮುಂದೆ ಬಾರದಂತೆ ಏನು ಮಾಡಿದ್ದೀರಿ ಎಂದು ಕೇಳುವ ಹಕ್ಕು ಜನರಿಗೆ ಸಿಗಬೇಕಿತ್ತು. ಆ ಹಕ್ಕು ಸಿಗದಂತೆ ಇಡೀ ವ್ಯವಹಾರವನ್ನು ಲೆಕ್ಕಪತ್ರದ ಹೊಂದಾಣಿಕೆಯಾಗಿ ಮುಗಿಸಲಾಯಿತು.

ಎಮ್ಮೆಯ ಕಿವಿಯೋಲೆ ಮತ್ತು ದೆಹಲಿಯ ಕಾಗದ

ನನ್ನ ಸೋದರಮಾವ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಕರಾವಳಿಯ ಅವರ ತಲೆಮಾರಿಗೆ ಬ್ಯಾಂಕು ನೌಕರಿ ಎಂದರೆ ಒಂದು ಬಗೆಯ ದೀಕ್ಷೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲವೂ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯ ನೆಲದಲ್ಲಿ. ಮನೆಮನೆಗೆ ಹೋಗಿ ಕಾಸು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಆರಂಭಿಸಿತ್ತು. ಮೀನು ಮಾರುವವರ, ನೇಯುವವರ ಚಿಲ್ಲರೆ ಕಾಸೇ ಅವುಗಳ ಬುನಾದಿ. ಮಾವನ ಜಗಲಿಯಲ್ಲಿ ಕುಳಿತು ಒಮ್ಮೆ ನೇರವಾಗಿಯೇ ಕೇಳಿದೆ: "ಮಾವ, ಇಷ್ಟು ದೊಡ್ಡ ಸಾಲಗಳನ್ನು ನೋಡದೆ ಹೇಗೆ ಕೊಟ್ಟರು?"

ಮಾವ ಉತ್ತರವಾಗಿ ಎಮ್ಮೆ ಸಾಲದ ಕಥೆ ಹೇಳಿದರು. ಹಳ್ಳಿಯ ಶಾಖೆಯಲ್ಲಿದ್ದಾಗ ಒಬ್ಬ ಹೆಂಗಸಿಗೆ ಎಮ್ಮೆ ಕೊಳ್ಳಲು ಸಾಲ ಕೊಡಬೇಕಿತ್ತು. ಫೀಲ್ಡ್ ಆಫೀಸರ್ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಕೊಟ್ಟಿಗೆ ನೋಡಿದರು, ಹುಲ್ಲಿನ ಬಣವೆ ನೋಡಿದರು, ಹಾಲಿನ ಡೇರಿಯ ಪುಸ್ತಕ ನೋಡಿದರು. ಪಶುವೈದ್ಯರು ಬಂದು ಎಮ್ಮೆಯ ಕಿವಿಗೆ ವಿಮೆಯ ಓಲೆ ಹಾಕಿ ಸಂಖ್ಯೆ ಬರೆದುಕೊಂಡರು. ಇಬ್ಬರ ಜಾಮೀನು. ಕಂತು ಎರಡು ತಪ್ಪಿದಾಗ ಮಾವನೇ ಅವರ ಮನೆಗೆ ಹೋದರು, ಎಮ್ಮೆ ಸತ್ತಿತ್ತು. ವಿಮೆಯ ಹಣಕ್ಕೆ ಕಿವಿಯೋಲೆ ತಂದುಕೊಡಬೇಕೆಂಬ ನಿಯಮ. ಆ ಹೆಂಗಸು ಸತ್ತ ಎಮ್ಮೆಯ ಕಿವಿಯ ತುಂಡನ್ನು ಓಲೆಯ ಸಮೇತ ಕಾಗದದಲ್ಲಿ ಸುತ್ತಿ ಬ್ಯಾಂಕಿನ ಕೌಂಟರಿನ ಮೇಲೆ ತಂದಿಟ್ಟರು. "ಅಷ್ಟು ಪ್ರಾಮಾಣಿಕತೆಯನ್ನು ನಾವು ಅವರಿಂದ ಕೇಳಿದೆವು, ಅವರು ಕೊಟ್ಟರು" ಎಂದರು ಮಾವ. "ಪ್ರಧಾನ ಕಚೇರಿಗೆ ವರ್ಗವಾದಾಗ ಬೇರೆ ಲೋಕ ನೋಡಿದೆ. ಒಂದೇ ಸಾಲಕ್ಕೆ ಹತ್ತು-ಹದಿನೈದು ಬ್ಯಾಂಕುಗಳ ಒಕ್ಕೂಟ. ಮುಖ್ಯ ಬ್ಯಾಂಕು ಪರಿಶೀಲನೆ ಮಾಡಿದೆ ಎಂದು ನಾವು ಸಹಿ ಹಾಕುವುದು, ನಾವೆಲ್ಲ ಸಹಿ ಹಾಕಿದ್ದೇವೆ ಎಂದು ಇನ್ನೊಬ್ಬರು ಹಾಕುವುದು. ಅಧ್ಯಕ್ಷರನ್ನು ನೇಮಿಸುವುದು ದೆಹಲಿ. ದೆಹಲಿಗೆ ಏನು ಬೇಕು ಎಂಬುದು ಕಾಗದದಲ್ಲಿ ಬರೆದು ಬರುವುದಿಲ್ಲ. ಆದರೂ ಎಲ್ಲರಿಗೂ ಗೊತ್ತಿರುತ್ತದೆ."

ಮಾವ ಹೇಳಿದ್ದು ಒಬ್ಬ ನೌಕರನ ಅನುಭವ. ಆದರೆ ಸಂಸತ್ತಿನ ದಾಖಲೆಯೂ ಅದೇ ದಿಕ್ಕಿನಲ್ಲಿದೆ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಘುರಾಮ್ ರಾಜನ್ 2018ರಲ್ಲಿ, ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಅಂದಾಜು ಸಮಿತಿಗೆ ಬರೆದ ಟಿಪ್ಪಣಿಯಲ್ಲಿ, ಕೆಟ್ಟ ಸಾಲಗಳಲ್ಲಿ ಹೆಚ್ಚಿನವು ಹುಟ್ಟಿದ್ದು 2006ರಿಂದ 2008ರ ನಡುವಿನ ಉತ್ಸಾಹದ ಕಾಲದಲ್ಲಿ ಎಂದರು. ಬ್ಯಾಂಕುಗಳು ತಾವೇ ಪರಿಶೀಲನೆ ಮಾಡದೆ ಬೇರೆಯವರ ವರದಿಗಳನ್ನು ನಂಬಿದ್ದನ್ನೂ ಹೇಳಿದರು. ದೊಡ್ಡ ವಂಚನೆ ಪ್ರಕರಣಗಳ ಪಟ್ಟಿಯನ್ನು ಪ್ರಧಾನಿ ಕಾರ್ಯಾಲಯಕ್ಕೆ ಕಳುಹಿಸಿ, ಒಂದೆರಡು ಪ್ರಕರಣಗಳಲ್ಲಾದರೂ ಒಟ್ಟಾಗಿ ಕ್ರಮ ಕೈಗೊಳ್ಳಿ ಎಂದು ಕೋರಿದ್ದನ್ನೂ ಬರೆದರು. ಆ ಟಿಪ್ಪಣಿ ಹೊರಬಿದ್ದ ದಿನ ಬಿಜೆಪಿ, ಕಾಂಗ್ರೆಸ್ ಎರಡೂ ಪಕ್ಷಗಳು ತಮಗೆ ಬೇಕಾದ ಅರ್ಧವನ್ನು ಓದಿದವು. ಸಾಲ ಹಂಚಿದವರು ನೀವು ಎಂದು ಒಬ್ಬರು, ಪಟ್ಟಿ ಕೊಟ್ಟರೂ ಸುಮ್ಮನಿದ್ದವರು ನೀವು ಎಂದು ಇನ್ನೊಬ್ಬರು. ನನಗೆ ಅನ್ನಿಸುವುದು ಇಬ್ಬರ ಮಾತೂ ನಿಜ ಎಂದು. ಯುಪಿಎ ಕಾಲದಲ್ಲಿ ಫೋನ್ ಮಾಡಿ ಸಾಲ ಕೊಡಿಸಿದರು ಎಂದು ಪ್ರಧಾನಿ ನರೇಂದ್ರ ಮೋದಿ ಸಂಸತ್ತಿನಲ್ಲೇ ಆರೋಪಿಸಿದರು. ಹಾಗಿದ್ದರೆ ಫೋನ್ ಮಾಡಿದವರ ಹೆಸರು ಇಷ್ಟು ವರ್ಷಗಳ ಅಧಿಕಾರದ ನಂತರವೂ ನಮಗೇಕೆ ಗೊತ್ತಾಗಲಿಲ್ಲ? ಆರೋಪ ಚುನಾವಣೆಗೆ ಬೇಕಾಯಿತು, ತನಿಖೆ ಯಾರಿಗೂ ಬೇಡವಾಯಿತು.

ನಮ್ಮ ರಾಜ್ಯ ಕಳಿಸಿದ ಸಂಸದ

ದೆಹಲಿಯನ್ನು ಬೈದು ಸುಮ್ಮನಾಗುವುದು ಕರ್ನಾಟಕದವರಾದ ನಮಗೆ ಸಲ್ಲದು. ವಿಜಯ್ ಮಲ್ಯ ಅವರನ್ನು ರಾಜ್ಯಸಭೆಗೆ ಎರಡು ಬಾರಿ ಆರಿಸಿ ಕಳಿಸಿದ್ದು ನಮ್ಮ ವಿಧಾನಸಭೆ. 2002ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಬೆಂಬಲ ಸಿಕ್ಕಿತು. 2010ರಲ್ಲಿ ಜೆಡಿಎಸ್ ಬೆಂಬಲಕ್ಕೆ ಬಿಜೆಪಿಯ ಹೆಚ್ಚುವರಿ ಮತಗಳು ಸೇರಿದವು. ಅಂದರೆ ನಾವು ಮತ ಹಾಕುವ ಮೂರೂ ಪಕ್ಷಗಳ ಶಾಸಕರ ಕೈ ಅದರಲ್ಲಿದೆ. ಪಕ್ಷೇತರ ಉದ್ಯಮಿಯೊಬ್ಬರು ಜನರ ನಡುವೆ ಒಂದು ದಿನವೂ ಮತ ಕೇಳದೆ ಮೇಲ್ಮನೆಗೆ ಹೋಗುವುದು ನಮ್ಮಲ್ಲಿ ಅಷ್ಟು ಸಹಜವಾಗಿತ್ತು.

2010ರ ಜೂನ್‌ನಲ್ಲಿ ಎರಡನೇ ಬಾರಿ ಆಯ್ಕೆ. ಅದೇ ನವೆಂಬರ್‌ನಲ್ಲಿ ಬ್ಯಾಂಕುಗಳ ಒಕ್ಕೂಟ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಾಲವನ್ನು ಪುನರ್ರಚಿಸಿತು. 2011ರ ಮಾರ್ಚ್ ಕೊನೆಯಲ್ಲಿ ಸಾಲದ ಒಂದು ಭಾಗವನ್ನು ಷೇರುಗಳಾಗಿ ಪರಿವರ್ತಿಸಲಾಯಿತು. ಮಾರುಕಟ್ಟೆಯಲ್ಲಿ ಸುಮಾರು 40 ರೂಪಾಯಿಗೆ ಸಿಗುತ್ತಿದ್ದ ಷೇರನ್ನು ಬ್ಯಾಂಕುಗಳು ಲೆಕ್ಕ ಹಿಡಿದದ್ದು 64 ರೂಪಾಯಿ 48 ಪೈಸೆಗೆ. ಎಮ್ಮೆಯ ಕಿವಿಯೋಲೆ ಕೇಳಿದ ವ್ಯವಸ್ಥೆ ಇದು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ತಿಂಗಳುಗಟ್ಟಲೆ ಸಂಬಳ ಸಿಗದ ನೌಕರರು ಬೀದಿಗೆ ಬಂದರು. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟಾಗ ಇನ್ನೂ ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರೇ.

ಅವರ ಪ್ರಕರಣದಲ್ಲಿ ಮುಟ್ಟುಗೋಲು ಹಾಕಿದ ಆಸ್ತಿಗಳಿಂದ 14,131 ಕೋಟಿಗೂ ಹೆಚ್ಚು ಮೊತ್ತವನ್ನು ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿದ್ದಾರೆ. ಅದು ಒಳ್ಳೆಯ ಸುದ್ದಿಯೇ, ಮನಸ್ಸು ಮಾಡಿದರೆ ವಸೂಲಿ ಸಾಧ್ಯ ಎಂಬುದಕ್ಕೆ ಸಾಕ್ಷಿ. ಆದರೆ ಒಬ್ಬರ ಮುಖವನ್ನೇ ಇಷ್ಟು ವರ್ಷ ತೋರಿಸಿದ್ದರಿಂದ ಇಡೀ ರೋಗ ಒಬ್ಬ ವ್ಯಕ್ತಿಯ ಶೋಕಿಯಿಂದ ಬಂದದ್ದು ಎಂಬ ಭಾವನೆ ಜನರಲ್ಲಿ ಬೇರೂರಿತು. ಅವರ ಬಾಕಿ ಬಡ್ಡಿ ಸೇರಿ ಸುಮಾರು ಒಂಬತ್ತು ಸಾವಿರ ಕೋಟಿ ಎಂದು ಆಗ ಹೇಳಲಾಗುತ್ತಿತ್ತು. ಅದೇ ಹೊತ್ತಿಗೆ ವಿದ್ಯುತ್, ಉಕ್ಕು, ರಸ್ತೆ ಗುತ್ತಿಗೆ, ದೂರಸಂಪರ್ಕದ ಕಂಪನಿಗಳ ಲಕ್ಷಾಂತರ ಕೋಟಿ ಸಾಲ ಕೊಳೆಯುತ್ತಿತ್ತು. 2018ರ ಮಾರ್ಚ್ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳು ಕೊಟ್ಟ ಪ್ರತಿ ನೂರು ರೂಪಾಯಿ ಸಾಲದಲ್ಲಿ 14 ರೂಪಾಯಿಗೂ ಹೆಚ್ಚು ವಸೂಲಾಗದ ಸಾಲವಾಗಿತ್ತು. ಆ ಕಂಪನಿಗಳ ಮಾಲೀಕರಲ್ಲಿ ಹೆಚ್ಚಿನವರ ಹೆಸರು ನಮಗೆ ಬಾಯಿಪಾಠವಿಲ್ಲ.

ಕರಾವಳಿಗೆ ಇದರ ಪೆಟ್ಟು ಇನ್ನೊಂದು ಬಗೆಯಲ್ಲಿ ಬಿತ್ತು. 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ರೈತಾಪಿ ಜನರಿಗಾಗಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕು 2017-18ರಲ್ಲಿ 727 ಕೋಟಿ ನಿವ್ವಳ ಲಾಭ ಗಳಿಸಿತ್ತು. ಸರ್ಕಾರಿ ಬ್ಯಾಂಕುಗಳಲ್ಲಿ ಆ ವರ್ಷ ಲಾಭ ತೋರಿಸಿದ್ದು ಇದು ಮತ್ತು ಇಂಡಿಯನ್ ಬ್ಯಾಂಕ್ ಎರಡೇ. ಅದನ್ನು, 1,923 ಕೋಟಿ ನಷ್ಟದಲ್ಲಿದ್ದ ದೇನಾ ಬ್ಯಾಂಕಿನ ಜೊತೆಗೆ, ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಳಿಸಲಾಯಿತು. 2019ರ ಏಪ್ರಿಲ್ 1ರಿಂದ ವಿಜಯಾ ಬ್ಯಾಂಕ್ ಇಲ್ಲ. ಮರು ವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಹೆಸರೂ ಅಳಿದವು. ಇದು ಬರೀ ಪ್ರಾದೇಶಿಕ ಅಭಿಮಾನದ ನೋವು ಎಂದು ನನಗೆ ಅನ್ನಿಸುವುದಿಲ್ಲ. ಜೋಪಾನವಾಗಿ ಸಾಲ ಕೊಟ್ಟ ಸಂಸ್ಥೆ, ಜೋಪಾನವಿಲ್ಲದೆ ಕೊಟ್ಟ ಸಂಸ್ಥೆಗೆ ಊರುಗೋಲಾಗಿ ಕರಗಿಹೋಯಿತು. ಬಂಡವಾಳ ತುಂಬಿದ ಹಾಗೆಯೇ ಇದೂ ಒಂದು ರಕ್ಷಣಾ ಕಾರ್ಯ. ತೆತ್ತವರು ಈ ಬಾರಿ ಒಂದು ಜಿಲ್ಲೆಯ ಜನ. ಆಗ ಬೀದಿಗಿಳಿದು ಪ್ರತಿಭಟಿಸಿದವರಿಗೆ ಸಿಕ್ಕ ಉತ್ತರ, ಬ್ಯಾಂಕು ದೊಡ್ಡದಾದಷ್ಟೂ ಗಟ್ಟಿ ಎಂಬುದೊಂದೇ.

ಯಾರ ಹೆಸರು ಪತ್ರಿಕೆಯಲ್ಲಿ ಬರುತ್ತದೆ

ನಾಳೆ ಬೆಳಿಗ್ಗೆ ಯಾವುದಾದರೂ ಕನ್ನಡ ದಿನಪತ್ರಿಕೆಯ ಜಿಲ್ಲಾ ಪುಟ ತೆರೆದು ಬ್ಯಾಂಕುಗಳ ಸ್ವಾಧೀನ ಪ್ರಕಟಣೆ ಓದಿ. ಸಾಲಗಾರನ ಹೆಸರು, ಅಪ್ಪನ ಹೆಸರು, ಜಾಮೀನುದಾರನ ಹೆಸರು, ಮನೆ ನಂಬರು, ಸರ್ವೆ ನಂಬರು. ಆಮೇಲೆ ಚೆಕ್ಕುಬಂದಿ: ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ. ಕೆಲವೊಮ್ಮೆ ಭಾವಚಿತ್ರವೂ ಇರುತ್ತದೆ. ಹನ್ನೆರಡು ಲಕ್ಷದ ಗೃಹಸಾಲ ಕಟ್ಟಲಾಗದ ಮೇಷ್ಟ್ರ ಮನೆಯ ದಿಕ್ಕು ದಿಕ್ಕೂ ಊರಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದೆಡೆ, ದೊಡ್ಡ ಸುಸ್ತಿದಾರರ ಮಾಹಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಿದವರಿಗೆ ರಿಸರ್ವ್ ಬ್ಯಾಂಕ್ ವರ್ಷಗಟ್ಟಲೆ ನಿರಾಕರಿಸಿತು. ಬ್ಯಾಂಕುಗಳ ಜೊತೆಗಿನ ವಿಶ್ವಾಸದ ಸಂಬಂಧ ಎಂಬ ಕಾರಣ ಕೊಟ್ಟಿತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ರಿಸರ್ವ್ ಬ್ಯಾಂಕಿನ ಕರ್ತವ್ಯ ಇರುವುದು ಸಾರ್ವಜನಿಕರಿಗೆ ಎಂದು ಹೇಳಬೇಕಾಯಿತು. 2023ರ ಜೂನ್‌ನಲ್ಲಿ ಅದೇ ರಿಸರ್ವ್ ಬ್ಯಾಂಕ್, ಉದ್ದೇಶಪೂರ್ವಕ ಸುಸ್ತಿದಾರರ ಜೊತೆಗೂ ಬ್ಯಾಂಕುಗಳು ರಾಜಿ ಇತ್ಯರ್ಥ ಮಾಡಿಕೊಳ್ಳಬಹುದು ಎಂದು ಸುತ್ತೋಲೆ ಹೊರಡಿಸಿತು. ಬ್ಯಾಂಕು ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಸುತ್ತೋಲೆ ಉಳಿಯಿತು.

2014-15ರಿಂದ ಒಂಬತ್ತು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ ಸಾಲ 14.56 ಲಕ್ಷ ಕೋಟಿ ಎಂದು 2023ರ ಆಗಸ್ಟ್‌ನಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು, 7.40 ಲಕ್ಷ ಕೋಟಿ, ದೊಡ್ಡ ಉದ್ಯಮಗಳು ಮತ್ತು ಸೇವಾ ವಲಯದ್ದು. ಹೀಗೆ ತೆಗೆದುಹಾಕಿದರೆ ಸಾಲ ಮನ್ನಾ ಆದಂತಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಸಚಿವರು ಪ್ರತಿ ಬಾರಿ ವಿವರಿಸುತ್ತಾರೆ. ಕಾನೂನಿನ ಪ್ರಕಾರ ಅದು ನಿಜ, ಒಪ್ಪುತ್ತೇನೆ. ಆದರೆ ಅದೇ ಉತ್ತರದ ಮುಂದಿನ ಸಾಲಿನಲ್ಲಿ ವಸೂಲಾದದ್ದು 2.04 ಲಕ್ಷ ಕೋಟಿ ಎಂದಿದೆ. ನೂರಕ್ಕೆ ಹದಿನಾಲ್ಕು. ದಿವಾಳಿ ಸಂಹಿತೆ ಬಂದ ಮೇಲೆ ಹಲವು ಪ್ರಕರಣಗಳಲ್ಲಿ ಪರಿಸ್ಥಿತಿ ಸುಧಾರಿಸಿತು, ಮಾಲೀಕರಿಗೆ ಕಂಪನಿ ಕೈತಪ್ಪುವ ಭಯ ಹುಟ್ಟಿತು. ಇದು ಈ ಸರ್ಕಾರದ ನಿಜವಾದ ಸಾಧನೆ. ಆದರೂ ವಿಡಿಯೋಕಾನ್ ಪ್ರಕರಣದಲ್ಲಿ ಸುಮಾರು 64,800 ಕೋಟಿಯ ಒಪ್ಪಿತ ಬಾಕಿಗೆ 2,962 ಕೋಟಿಯ ಕೊಡುಗೆಯನ್ನು ಸಾಲ ಕೊಟ್ಟವರೇ ಮತ ಹಾಕಿ ಅಂಗೀಕರಿಸಿದ್ದರು! ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಅದನ್ನು ರದ್ದು ಮಾಡಿತು.

ಈಗ 2018ರ ನಮ್ಮ ರಾಜ್ಯದ ಬೆಳೆಸಾಲ ಮನ್ನಾ ನೆನಪಿಸಿಕೊಳ್ಳಿ. ಎಚ್.ಡಿ. ಕುಮಾರಸ್ವಾಮಿ ಬಜೆಟ್ಟಿನಲ್ಲಿ 34 ಸಾವಿರ ಕೋಟಿ ಎಂದು ಘೋಷಿಸಿದಾಗ ಟಿ.ವಿ. ಚರ್ಚೆಗಳಲ್ಲಿ ಎಷ್ಟು ಅರ್ಥಶಾಸ್ತ್ರಜ್ಞರು ತಲೆ ಮೇಲೆ ಕೈ ಹೊತ್ತರು! ರೈತರಿಗೆ ಸಾಲ ಕಟ್ಟದಿರುವ ಅಭ್ಯಾಸವಾಗುತ್ತದೆ, ಖಜಾನೆ ಬರಿದಾಗುತ್ತದೆ, ಅಭಿವೃದ್ಧಿ ನಿಲ್ಲುತ್ತದೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಪದೇ ಪದೇ ಮನ್ನಾ ಮಾಡುವುದರಿಂದ ಸಹಕಾರ ಸಂಘಗಳು ಬಳಲುತ್ತವೆ. ಆದರೆ ರೈತನ ಎರಡು ಲಕ್ಷದ ಮಿತಿಯ ಮನ್ನಾಕ್ಕೆ ಆಧಾರ್ ಬೇಕು, ಪಡಿತರ ಚೀಟಿ ಬೇಕು, ಪಹಣಿ ಬೇಕು, ಸ್ವಯಂ ಘೋಷಣೆ ಬೇಕು. ಬ್ಯಾಂಕಿನ ಮುಂದೆ ಮಳೆಯಲ್ಲಿ ಸಾಲು ನಿಲ್ಲಬೇಕು. ಪ್ರತಿ ರೂಪಾಯಿಯೂ ಸದನದಲ್ಲಿ ಚರ್ಚೆಯಾಗಬೇಕು, ಪ್ರತಿ ಪಕ್ಷವೂ ಹೊಣೆ ಹೊರಬೇಕು. ಅದು ಹಾಗೆಯೇ ಇರಬೇಕು. ದೊಡ್ಡವರ ಸಾಲಕ್ಕೂ ಅಷ್ಟೇ ಚರ್ಚೆ, ಅಷ್ಟೇ ಕಾಗದ, ಅಷ್ಟೇ ಹೊಣೆ ಇರಲಿ ಎಂಬುದಷ್ಟೇ ನನ್ನ ಬೇಡಿಕೆ.

ಅಂತರ ತಾನಾಗಿ ಬೆಳೆಯಲಿಲ್ಲ

ಅಸಮಾನತೆಯ ಬಗ್ಗೆ ಮಾತಾಡುವಾಗ ಅದನ್ನು ಮಳೆ-ಬಿಸಿಲಿನ ಹಾಗೆ, ಯಾರ ಕೈಯಲ್ಲೂ ಇಲ್ಲದ ಸಂಗತಿ ಎಂಬಂತೆ ಮಾತಾಡುವುದು ರೂಢಿಯಾಗಿದೆ. ತಂತ್ರಜ್ಞಾನ ಬಂತು, ಜಾಗತೀಕರಣ ಬಂತು, ಅಂತರ ಬೆಳೆಯಿತು ಎಂದುಬಿಡುತ್ತೇವೆ. ಅವುಗಳ ಪಾಲೂ ಇರಬಹುದು. ಆದರೆ ಕೆಟ್ಟ ಸಾಲದ ಇದೇ ದಶಕದಲ್ಲಿ ಸರ್ಕಾರ ಕೈಯಾರೆ ಮಾಡಿದ ತೀರ್ಮಾನಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. 2015ರ ಬಜೆಟ್ಟಿನಲ್ಲಿ ಸಂಪತ್ತಿನ ಮೇಲಿನ ತೆರಿಗೆ ರದ್ದಾಯಿತು. 2017ರ ಜುಲೈ 31ರಂದು ಎಸ್‌ಬಿಐ ಉಳಿತಾಯ ಖಾತೆಯ ಬಡ್ಡಿಯನ್ನು ಶೇ 4ರಿಂದ 3.5ಕ್ಕೆ ಇಳಿಸಿತು, 2020ರ ಹೊತ್ತಿಗೆ ಅದು 2.7 ಆಯಿತು. ಆ ವರ್ಷ ಬೆಲೆ ಏರಿಕೆ ಅದಕ್ಕಿಂತ ಎಷ್ಟೋ ಮುಂದಿತ್ತು, ಅಂದರೆ ಉಳಿತಾಯ ಮಾಡಿದವರು ಕಳೆದುಕೊಂಡರು. 2019ರ ಸೆಪ್ಟೆಂಬರ್ 20ರಂದು ಕಂಪನಿಗಳ ಮೂಲ ತೆರಿಗೆ ದರ, ವಿನಾಯಿತಿ ಬಿಟ್ಟುಕೊಟ್ಟವರಿಗೆ, ಶೇ 30ರಿಂದ 22ಕ್ಕೆ ಇಳಿಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ವರಮಾನ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಅಂದು ಅಂದಾಜಿಸಿತ್ತು. ಸಂಬಳದಾರರೂ ಸೇರಿದಂತೆ ವ್ಯಕ್ತಿಗಳು ಕಟ್ಟುವ ಆದಾಯ ತೆರಿಗೆ ಇತ್ತೀಚಿನ ವರ್ಷಗಳಲ್ಲಿ ಕಂಪನಿಗಳು ಕಟ್ಟುವ ತೆರಿಗೆಯನ್ನು ಮೀರಿದೆ. ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022-23ರಲ್ಲಿ ಭಾರತದ ಅತಿ ಶ್ರೀಮಂತ ಶೇ 1 ಜನರ ಕೈಯಲ್ಲಿ ದೇಶದ ಆದಾಯದ ಶೇ 22.6, ಸಂಪತ್ತಿನ ಶೇ 40.1 ಇತ್ತು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲೂ ಆದಾಯ ಇಷ್ಟು ಮೇಲೆ ಸೇರಿಕೊಂಡಿರಲಿಲ್ಲ ಎಂದು ಅವರು ಹೇಳುತ್ತಾರೆ.

ಒಂದು ಪ್ರತಿವಾದ ಇದೆ, ಅದನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಬ್ಯಾಂಕುಗಳು ಈಗ ಚೇತರಿಸಿಕೊಂಡಿವೆ. 2023-24ರಲ್ಲಿ ಅವುಗಳ ಒಟ್ಟು ಲಾಭ 1.41 ಲಕ್ಷ ಕೋಟಿ ದಾಟಿತು, ಸರ್ಕಾರಕ್ಕೆ ಲಾಭಾಂಶ ಬರುತ್ತಿದೆ. ಹಾಕಿದ ಹಣ ವ್ಯರ್ಥವಾಗಲಿಲ್ಲ. ನಿಜ, ಸಂತೋಷ. ಆದರೆ ಆ ಹತ್ತು ವರ್ಷಗಳಲ್ಲಿ ಸಾಲ ಸಿಗದೆ ಬಾಗಿಲು ಹಾಕಿದ ಪೀಣ್ಯದ ಸಣ್ಣ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಬ್ಯಾಂಕು ಕೈ ಹಿಡಿಯದ ಹಳ್ಳಿಗಳ ಹೆಂಗಸರು ಮೈಕ್ರೋ ಫೈನಾನ್ಸ್ ಸಂಸ್ಥೆಗಳ ವಾರದ ಕಂತಿಗೆ ಬಿದ್ದರು. ವಸೂಲಿಗಾರರ ಕಿರುಕುಳಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಸಾಲು ಸಾಲಾಗಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬ್ಯಾಂಕುಗಳ ಇಂದಿನ ಲಾಭದ ಪಟ್ಟಿಯಲ್ಲಿ ಈ ಯಾವ ನಷ್ಟಕ್ಕೂ ಅಂಕಣವಿಲ್ಲ.

ಬೇರೆ ದೇಶಗಳಲ್ಲಿ ಎಲ್ಲವೂ ಸರಿಯಾಗಿ ನಡೆಯಿತು ಎಂದಲ್ಲ. ಆದರೂ ಐರ್ಲೆಂಡಿನ ಜನ ಮಾಡಿದ್ದನ್ನು ಹೇಳಲೇಬೇಕು. 2008ರ ಸೆಪ್ಟೆಂಬರ್ ಕೊನೆಯ ರಾತ್ರಿ ಅಲ್ಲಿನ ಸರ್ಕಾರ ಬ್ಯಾಂಕುಗಳ ಹೊಣೆಯನ್ನೆಲ್ಲ ಪ್ರಜೆಗಳ ತಲೆಗೆ ಕಟ್ಟಿತು. ಅಂತಿಮವಾಗಿ ಸುಮಾರು 6,400 ಕೋಟಿ ಯೂರೋ ಬ್ಯಾಂಕುಗಳಿಗೆ ಹೋಯಿತು. 2011ರ ಫೆಬ್ರುವರಿಯ ಚುನಾವಣೆಯಲ್ಲಿ, ದಶಕಗಳ ಕಾಲ ಆ ದೇಶವನ್ನು ಆಳಿದ್ದ ಫಿಯನ್ನಾ ಫಾಯಿಲ್ ಪಕ್ಷವನ್ನು ಜನ 20 ಸ್ಥಾನಗಳಿಗೆ ಇಳಿಸಿದರು. ಐಸ್‌ಲೆಂಡ್ ತನ್ನ ಮಾಜಿ ಪ್ರಧಾನಿ ಗೇರ್ ಹಾರ್ಡೆ ಅವರನ್ನು ವಿಶೇಷ ನ್ಯಾಯಾಲಯದ ಕಟಕಟೆಗೆ ತಂದಿತು. 2012ರಲ್ಲಿ ಒಂದು ಆರೋಪ ಸಾಬೀತಾಯಿತು, ಶಿಕ್ಷೆಯೇನೂ ಆಗಲಿಲ್ಲ. ಆದರೆ ದೇಶದ ಪ್ರಧಾನಿಯಾಗಿದ್ದವರು, ಬ್ಯಾಂಕುಗಳು ಮುಳುಗುವಾಗ ನೀವು ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ನಿಂತು ಉತ್ತರ ಕೊಟ್ಟರು. ಅವರು ಮಾತ್ರವೇ ತಪ್ಪಿತಸ್ಥರಾಗಿರಲಿಕ್ಕಿಲ್ಲ. ಉತ್ತರ ಕೊಡಬೇಕಾದವರು ಇದ್ದಾರೆ ಎಂಬುದು ಸ್ಥಾಪಿತವಾಯಿತು, ಅಷ್ಟಾದರೂ ನಮಗೆ ಬೇಕಿತ್ತು.

ನಮ್ಮಲ್ಲಿ ಹಾಗಾಗದಿರಲು ಒಂದು ದೊಡ್ಡ ಕಾರಣ, ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ನಮಗೆ ಗೊತ್ತಿಲ್ಲದೆ ಇದ್ದದ್ದು. ಸಾಲ ಮುಳುಗಿದ ಇದೇ ವರ್ಷಗಳಲ್ಲಿ, 2018ರಿಂದ, ಚುನಾವಣಾ ಬಾಂಡ್‌ಗಳು ಮಾರಾಟವಾದವು. ಮಾರಿದ್ದು ಸಾರ್ವಜನಿಕರ ಬ್ಯಾಂಕಾದ ಎಸ್‌ಬಿಐ. ಕೊಂಡವರು ಯಾರು, ಯಾವ ಪಕ್ಷಕ್ಕೆ ಕೊಟ್ಟರು ಎಂಬುದು ಬ್ಯಾಂಕಿಗೆ ಗೊತ್ತಿತ್ತು, ಬ್ಯಾಂಕಿನ ಮಾಲೀಕರಾದ ನಮಗೆ ಗೊತ್ತಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ಹೊಡೆದುಹಾಕಿದ ಮೇಲೆಯೂ ಮಾಹಿತಿ ಕೊಡಲು ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿತು. ಅಂದರೆ ಲೋಕಸಭಾ ಚುನಾವಣೆ ಮುಗಿದ ನಂತರ. ನ್ಯಾಯಾಲಯ ಒಪ್ಪಲಿಲ್ಲ, ಪಟ್ಟಿ ಹೊರಬಂತು. ಅಕ್ಕನ ಖಾತೆಯಲ್ಲಿ ತಿಂಗಳ ಕೊನೆಗೆ ಎಷ್ಟು ಕಡಿಮೆಯಿತ್ತು ಎಂಬುದನ್ನು ತಪ್ಪದೆ ಲೆಕ್ಕ ಹಾಕುವ ವ್ಯವಸ್ಥೆಗೆ ಆ ಪಟ್ಟಿಯನ್ನು ಹೊಂದಿಸಲು ನಾಲ್ಕು ತಿಂಗಳು ಬೇಕಿತ್ತಂತೆ.

ಮೊದಲ ಮರುಬಂಡವಾಳ ಬಾಂಡ್‌ಗಳು ಹೊರಟದ್ದು 2018ರ ಜನವರಿಯಲ್ಲಿ, 10ರಿಂದ 15 ವರ್ಷಗಳ ಅವಧಿಗೆ. 2028ರಿಂದ ಅಸಲಿನ ಕಂತುಗಳು ಎದುರು ನಿಲ್ಲುತ್ತವೆ. ಆಗ ಯಾರ ಸರ್ಕಾರವಿದ್ದರೂ ಒಂದೋ ತೆರಿಗೆಯಿಂದ ತೀರಿಸಬೇಕು, ಇಲ್ಲವೇ ಹೊಸ ಸಾಲ ಎತ್ತಿ ಹಳೆಯದನ್ನು ಮುಚ್ಚಬೇಕು. ಅದರ ಮರುವರ್ಷ ಲೋಕಸಭಾ ಚುನಾವಣೆ. ಮತ ಕೇಳಲು ನಮ್ಮ ಬೀದಿಗೆ ಬರುವ ಅಭ್ಯರ್ಥಿ ಯಾವ ಪಕ್ಷದವರೇ ಆಗಿರಲಿ, ನಾನು ಕೇಳಬೇಕೆಂದಿರುವುದು ಇಷ್ಟು: ಆ ಮೂರು ಲಕ್ಷ ಕೋಟಿ ಹಾಕುವಾಗ ನಿಮ್ಮ ಪಕ್ಷ ಸಂಸತ್ತಿನಲ್ಲಿ ಏನು ಕೇಳಿತು? ನೂರು ಕೋಟಿ ಮೀರಿದ ಪ್ರತಿ ಸುಸ್ತಿ ಸಾಲದ ಹೆಸರು, ಅದನ್ನು ಮಂಜೂರು ಮಾಡಿದ ಮಂಡಳಿಯ ಹೆಸರು, ಆ ಮಂಡಳಿಯನ್ನು ನೇಮಿಸಿದ ಸಚಿವರ ಹೆಸರು ಒಂದೇ ಪಟ್ಟಿಯಲ್ಲಿ ಪ್ರಕಟವಾಗಬೇಕೆಂಬ ಕಾನೂನಿಗೆ ನೀವು ಕೈ ಎತ್ತುತ್ತೀರಾ? ನಮ್ಮ ಶಾಸಕರನ್ನೂ ಕೇಳುತ್ತೇನೆ, ಮುಂದಿನ ರಾಜ್ಯಸಭಾ ಚುನಾವಣೆಯಲ್ಲಿ ಹೆಚ್ಚುವರಿ ಮತಗಳನ್ನು ಯಾರಿಗೆ ಕೊಡುತ್ತೀರಿ, ಏಕೆ ಎಂದು. ಅಕ್ಕನೂ ಅಂದು ನನ್ನ ಜೊತೆ ಗೇಟಿನ ಬಳಿ ನಿಲ್ಲುತ್ತೇನೆ ಎಂದಿದ್ದಾರೆ.